ಸಾಲಿನ ಮೊದಲನೆಯವನು

ಬೆಟ್ಟದ ಬುಡದ ವಸತಿಗೃಹ
ಮೇ ೨

ಪಿಟೀಲಮ್ಮನಿಗೆ ಅಣ್ಣನ ಆಶೀರ್ವಾದ.

ನಾನು ಕ್ಷೇಮ. ಮಂಡಿಗಳು ಕ್ಷೇಮವೋ ಅಲ್ಲವೋ ಐದನೇ ತಾರೀಖು ನಡಿಗೆ ಶುರುವಾದ ಮೇಲೆ ಅವೇ ಹೇಳಲಿ. ಚಿಕ್ಕಂದಿನಲ್ಲಿ ಅಪ್ಪ ಇಟ್ಟ ಅಡ್ಡಹೆಸರನ್ನು ಐವತ್ತೆರಡು ವರ್ಷದ ಹೆಂಗಸಿಗೆ ಕಾಗದದಲ್ಲಿ ಬರೆಯಬಾರದು ಎಂದು ನೀನು ಜಗಳ ಆಡಿದ್ದು ನೆನಪಿದೆ. ನೀನು ಒಂದೇ ರಾಗ ಎಳೆಯುವುದನ್ನು ಬಿಡು, ನಾನೂ ಬಿಡುತ್ತೇನೆ.

ಇಲ್ಲಿಗೆ ಬರಲು ಎರಡು ದಿನದ ಬಸ್ಸು. ಮೂವತ್ತೊಂದು ವರ್ಷ ಬಸ್ಸು ಓಡಿಸಿದವನಿಗೆ ಇನ್ನೊಬ್ಬ ಓಡಿಸುವ ಬಸ್ಸಿನಲ್ಲಿ ಕೂರುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ತಿರುವು ಬಂದಾಗಲೆಲ್ಲ ನನ್ನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಪಕ್ಕದವನು ಸ್ವಲ್ಪ ಹೊತ್ತು ನೋಡಿ, "ಯಜಮಾನ್ರೇ, ನೀವು ಒತ್ತಿದ್ರೆ ಈ ಬಸ್ಸು ನಿಲ್ಲಲ್ಲ" ಎಂದ. ಆಮೇಲೆ ಕಾಲು ಮಡಚಿ ಕೂತೆ.

ನಾವು ಹನ್ನೆರಡು ಜನ. ಒಬ್ಬ ದಂತವೈದ್ಯ, ಅವನ ಹೆಂಡತಿ, ಒಬ್ಬ ಬೇಕರಿ ಸಾಹುಕಾರ, ಒಬ್ಬಳು ಟೀಚರು, ಬ್ಯಾಂಕಿನವರು ಮೂವರು, ಕಾಲೇಜು ಮಕ್ಕಳು ನಾಲ್ವರು, ನಾನು. ನಮ್ಮನ್ನು ಕರೆದುಕೊಂಡು ಹೋಗುವವಳು ಮೂವತ್ತರ ಒಳಗಿನ ಹುಡುಗಿ. ನನ್ನ ಭುಜದಷ್ಟೂ ಎತ್ತರವಿಲ್ಲ, ದನಿ ಮಾತ್ರ ಡಿಪೋದ ಮೈಕು. ನಾನು ಅವಳಿಗೆ ಲೀಡರಮ್ಮ ಎಂದು ಹೆಸರಿಟ್ಟಿದ್ದೇನೆ. ಎಲ್ಲರ ಆರೋಗ್ಯದ ಫಾರಂ ಕೇಳಿದಳು. ದಂತವೈದ್ಯನ ಫಾರಂನಲ್ಲಿ ಮೊಹರು ಮಸುಕಾಗಿತ್ತು, ಅವನಿಗೆ ಅಲ್ಲೇ ಮಂಗಳಾರತಿ. ನನ್ನದನ್ನು ಮಾತ್ರ ಎತ್ತಿ ಹಿಡಿದು, "ಫಾರಂ ಅಂದ್ರೆ ಹೀಗಿರಬೇಕು" ಎಂದಳು. ನಿನ್ನ ಪುಣ್ಯ! ನಿನ್ನ ಕ್ಲಿನಿಕ್ಕಿನ ಡಾಕ್ಟರು ಹತ್ತು ದಿನ ಊರಲ್ಲಿರಲ್ಲ, ನೀನು ತೆಗೆದ ಇಸಿಜಿಯನ್ನು, ಆ ಎದೆಯ ಪಟ್ಟಿಯನ್ನು ಅವರು ನೋಡಿದ ಮೇಲೇ ಫಾರಂ ಎಂದು ನೀನು ಹಟ ಹಿಡಿದಿದ್ದರೆ ನಾನಿವತ್ತು ಮನೆಯಲ್ಲಿ ಕೂತು ನೊಣ ಹೊಡೆಯುತ್ತಿದ್ದೆ. ಶಾಲೆಯ ಮಕ್ಕಳ ಆಟೋಟಕ್ಕೆಂದು ಅವರು ಸಹಿ ಹಾಕಿಟ್ಟು ಹೋಗುವ ಖಾಲಿ ಫಾರಂಗಳಲ್ಲಿ ಒಂದು ಈ ಅರವತ್ತರ ಮಗುವಿಗೂ ಬಂತು ಎಂದುಕೋ.

ನಾನು ಯಾಕೆ ಬಂದೆ ಎಂದು ನೀನು ಮೂರು ಸಲ ಕೇಳಿದೆ, ಮೂರು ಸಲವೂ ಹಾರಿಸಿಬಿಟ್ಟೆ. ಈಗ ಕೇಳು. ಕಳೆದ ವರ್ಷ ಶಾಲೆಯ ತಿರುವಿನಲ್ಲಿ ನನ್ನ ಬಸ್ಸು ಫುಟ್‌ಪಾತ್ ಹತ್ತಿದ್ದು ಬ್ರೇಕು ಸಮಯಕ್ಕೆ ಹಿಡಿಯದ್ದರಿಂದ ಎಂದು ತನಿಖೆಯವರೇ ಬರೆದರು. ಎಡಚ ಮೆಕ್ಯಾನಿಕ್‌ನನ್ನು ಬಸ್ಸು ತೊಳೆಯುವ ಕೆಲಸಕ್ಕೂ ಹಾಕಿದರು. ಆದರೂ ಡಿಪೋ ಕ್ಯಾಂಟೀನಿನಲ್ಲಿ, "ಬ್ರೇಕಿಗೇನಾಗಿತ್ತು, ಮುದುಕನಿಗೆ ಆಗಿತ್ತು" ಎನ್ನುವ ಬಾಯಿಗಳು ಮುಚ್ಚಿಲ್ಲ. ಇಲ್ಲಿ ಎರಡು ಹಿಮದ ಬೆಟ್ಟಗಳ ನಡುವೆ ದಾರಿ ದಾಟುವ ಒಂದು ಜಾಗವಿದೆ, ಎಲ್ಲರೂ ಅದನ್ನು ನೆತ್ತಿ ಎನ್ನುತ್ತಾರೆ. ಅಲ್ಲಿ ನಿಂತು ಒಂದು ಫೋಟೋ ತೆಗೆಸಿಕೊಳ್ಳುತ್ತೇನೆ. ಅದನ್ನು ದೊಡ್ಡದು ಮಾಡಿಸಿ ಕ್ಯಾಂಟೀನಿನ ಗೋಡೆಗೆ ಹೊಡೆಯುತ್ತೇನೆ. ಈ ಎದೆಗೆ ಏನಾಗಿತ್ತು ಎಂದು ಆಗ ಕೇಳಲಿ.

ಮೇಲೆ ಫೋನಿಲ್ಲ. ಮೂರು ದಿನಕ್ಕೊಮ್ಮೆ ಸಾಮಾನು ಹೊತ್ತ ಹೇಸರಗತ್ತೆಗಳು ಬರುತ್ತವಂತೆ, ಕಾಗದಗಳೂ ಅವುಗಳ ಜೊತೆಗೇ ಬಂದು ಹೋಗುತ್ತವೆ. ಬರೆ.

ನಿನ್ನ ಅಣ್ಣ


ಕ್ಲಿನಿಕ್
ಮೇ ೬, ಬೆಳಗ್ಗೆ

ಅಣ್ಣಾ,

ಡಾಕ್ಟರು ಇವತ್ತು ಬಂದರು. ಹತ್ತು ದಿನದ ರಾಶಿಯಲ್ಲಿ ನಿನ್ನ ಎದೆಯ ಪಟ್ಟಿ ಮೂರನೆಯದು. ಕಿಟಕಿಯ ಬೆಳಕಿಗೆ ಹಿಡಿದರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. "ಯಾರದಮ್ಮ ಇದು?" ಎಂದರು. ಪಟ್ಟಿಯ ತುದಿಯಲ್ಲಿ ನಾನು 'ಡ್ರೈವರ್, ೬೦' ಎಂದಷ್ಟೇ ಗೀಚಿದ್ದೆ. ಗೊತ್ತಿರುವವರದು ಎಂದೆ. "ನೋಡಿ, ಬಡಿತ ನಡುನಡುವೆ ನಿಂತು ಹೋಗ್ತಿದೆ. ಇಲ್ಲೊಂದು, ಇಲ್ಲೊಂದು. ಈ ಮನುಷ್ಯನಿಗೆ ಯಾವತ್ತಾದ್ರೂ ಕಣ್ಣು ಕತ್ತಲೆ ಬಂದಿತ್ತಾ ಕೇಳಿ. ಮೆಟ್ಟಿಲು ಕೂಡ ಹತ್ತಬೇಡಿ ಅನ್ನಿ. ಇವತ್ತೇ ಕರೆಸಿ" ಎಂದರು. ಆಯ್ತು ಸರ್ ಎಂದೆ.

ಮೆಟ್ಟಿಲು ಹತ್ತಬಾರದವನನ್ನು ನಾನು ಬೆಟ್ಟ ಹತ್ತಿಸಿದ್ದೇನೆ ಎಂದು ಯಾವ ಬಾಯಲ್ಲಿ ಹೇಳಲಿ? ಫಾರಂನಲ್ಲಿ ಸಹಿ ಅವರದು, ಬರಹ ನನ್ನದು. ಹತ್ತೊಂಬತ್ತು ವರ್ಷ ಈ ಮೇಜಿನ ಹಿಂದೆ ಕೂತಿದ್ದೇನೆ. ಒಂದು ಗುಳಿಗೆಯನ್ನೂ ಕೇಳದೆ ಮುಟ್ಟಿದವಳಲ್ಲ. ಅಣ್ಣಾ, ಇಳಿದು ಬಂದುಬಿಡು.

ಮಧ್ಯಾಹ್ನ.

ಇದನ್ನು ಅಂಚೆಗೆ ಹಾಕುವುದಿಲ್ಲ. ಯಂತ್ರದ ತಂತಿ ಸಡಿಲವಾಗಿದ್ದಿರಬಹುದು. ಹೋದ ತಿಂಗಳು ದರ್ಜಿಯ ಪಟ್ಟಿಯೂ ಹೀಗೇ ಬಂದಿತ್ತು. ತಂತಿ ಬಿಗಿ ಮಾಡಿ ಮತ್ತೆ ತೆಗೆದಾಗ ಆತ ಕಲ್ಲುಗುಂಡು. ಸುಮ್ಮನೆ ಹೆದರಿಸಿ ನಿನ್ನ ಆಸೆಗೆ ಮಣ್ಣು ಹಾಕಿದಂತಾಗುತ್ತದೆ. ಬೇರೆ ಕಾಗದ ಬರೆಯುತ್ತೇನೆ. ಇದು ಡ್ರಾಯರಿನಲ್ಲೇ ಇರಲಿ.


ಕ್ಲಿನಿಕ್
ಮೇ ೬, ಸಂಜೆ

ಅಣ್ಣನಿಗೆ ನಮಸ್ಕಾರಗಳು.

ನಿನ್ನ ಕಾಗದ ಬಂತು. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಮನೆ ಮಾತ್ರ ಚೆನ್ನಾಗಿಲ್ಲ. ಅಡುಗೆಮನೆಯ ನಲ್ಲಿ ಸೋರುತ್ತಿದೆ. ಕೆಳಗಿನ ಮನೆಯಾಕೆ ಬಕೆಟ್ ಹಿಡಿದುಕೊಂಡೇ ಕ್ಲಿನಿಕ್ಕಿಗೆ ಬಂದು, "ನಿಮ್ಮಣ್ಣ ಬೆಟ್ಟದ ಮೇಲೆ, ಅವರ ನೀರು ನಮ್ಮ ತಲೆ ಮೇಲೆ" ಎಂದು ರೋಗಿಗಳ ಮುಂದೆ ಕೂಗಾಡಿದಳು. ಕೊಳಾಯಿಯವನು, ಮನೆಯ ಯಜಮಾನರೇ ಇದ್ದು ತೋರಿಸಬೇಕು ಎನ್ನುತ್ತಾನೆ. ಮೊದಲೆರಡು ದಿನ ನಡೆದು ಬೆಟ್ಟ ನೋಡಿದ್ದಾಯಿತಲ್ಲ, ಬಂದುಬಿಡಬಾರದೇ? ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ವರ್ಷ ಹೋದರಾಯಿತು.

ಅಲ್ಲಿ ನಿನಗೆ ತಲೆ ಸುತ್ತುತ್ತದೆಯೇ? ಎತ್ತರದಲ್ಲಿ ಎಲ್ಲರಿಗೂ ಹಾಗಾಗುತ್ತದಂತೆ, ಅದಕ್ಕೆ ಕೇಳಿದೆ. ಹಿಂದೆ ಯಾವತ್ತಾದರೂ ಕಣ್ಣು ಕತ್ತಲೆ ಬಂದಿತ್ತೇ? ಇದನ್ನೂ ಸುಮ್ಮನೆ ಕೇಳಿದೆ. ಸುಸ್ತಾದರೆ ಕೂತುಕೋ. ಯಾರು ನಕ್ಕರೂ ನಗಲಿ, ಕೂತುಕೋ.

ನಿನ್ನ ತಂಗಿ


ಎರಡನೆಯ ಬಿಡಾರ
ಮೇ ೭

ಪಿಟೀಲೇ,

ನಿನ್ನ ಕಾಗದ ಇನ್ನೂ ಬಂದಿಲ್ಲ. ಇವತ್ತಿನ ಸುದ್ದಿ ಹೇಳದೆ ಇರಲಾರೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಲೀಡರಮ್ಮ ನನ್ನನ್ನು ಸಾಲಿನ ಮುಂದೆ ಹಾಕಿದ್ದಾಳೆ! ಮೊದಲ ಎರಡು ದಿನ ನಾನು ನಡುವೆ ಇದ್ದೆ. ನಿನ್ನೆ ಬಿಡಾರಕ್ಕೆ ಬಂದ ಮೇಲೆ ನನ್ನನ್ನು ಒಂದು ನಿಮಿಷ ನೋಡಿ, "ಅಂಕಲ್, ನಾಳೆಯಿಂದ ನೀವು ನನ್ನ ಹಿಂದೇನೇ. ಉಳಿದವರೆಲ್ಲ ನಿಮ್ಮ ಹಿಂದೆ. ನಿಮ್ಮ ನಡಿಗೇನೇ ಎಲ್ಲರ ನಡಿಗೆ" ಎಂದಳು. ಎಲ್ಲರ ಮುಂದೆಯೇ ಹೇಳಿದಳು! ದಂತವೈದ್ಯನ ಮುಖ ನೋಡಬೇಕಿತ್ತು ನೀನು. ಅವನು ದಿನಾ ಬೆಳಗ್ಗೆ ಓಡುವವನಂತೆ, ಅವನದು ಕೊನೆಯಿಂದ ಎರಡನೇ ಜಾಗ. ಹಿಂದುಳಿದಾಗಲೆಲ್ಲ ಬೂಟು ಸರಿಯಿಲ್ಲ ಎನ್ನುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ನನಗೆ ಆಶ್ಚರ್ಯವೇನೂ ಆಗಲಿಲ್ಲ. ಐವತ್ತು ಜನರನ್ನು ಬೆನ್ನ ಹಿಂದೆ ಇಟ್ಟುಕೊಂಡು ಮೂವತ್ತೊಂದು ವರ್ಷ ಮುಂದಿನ ಸೀಟಿನಲ್ಲಿ ಕೂತವನು ನಾನು. ಯಾರಿಗೂ ಕುಲುಕಾಡದ ಹಾಗೆ ಎಲ್ಲಿ ನಿಧಾನ, ಎಲ್ಲಿ ಬಿಡಬೇಕು ಎಂಬುದು ನನ್ನ ಕಾಲಿಗೆ ಗೊತ್ತು. ಅವಳಿಗದು ಎರಡೇ ದಿನದಲ್ಲಿ ತಿಳಿಯಿತು ನೋಡು, ಹುಡುಗಿ ಬುದ್ಧಿವಂತೆ. ಕಾಲೇಜು ಮಕ್ಕಳು ಹಿಂದಿನಿಂದ ಹಾರ್ನ್ ಹೊಡೆಯುವ ಲಾರಿಗಳಂತೆ ತವಕಿಸುತ್ತಾರೆ, ಓವರ್‌ಟೇಕ್ ಮಾಡಲು ಅವಳು ಬಿಡುವುದಿಲ್ಲ.

ಏದುಸಿರು ಸ್ವಲ್ಪ ಇದೆ. ಇಲ್ಲಿ ಯಾರಿಗಿಲ್ಲ? ಸಂಜೆ ಅವಳು ಎಲ್ಲರ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಾಳೆ. ನನ್ನದನ್ನು ಎರಡು ಸಲ ಎಣಿಸಿದಳು, ಲೆಕ್ಕ ತಪ್ಪಿರಬೇಕು. "ಮುಂಚೆ ಏನಾದ್ರೂ ತೊಂದರೆ ಇತ್ತಾ ಅಂಕಲ್?" ಎಂದಳು. "ಡಾಕ್ಟರ ಮೊಹರು ನಿನ್ನ ಕೈಯಲ್ಲೇ ಇದೆಯಲ್ಲಮ್ಮ" ಎಂದೆ. "ಅದೂ ನಿಜ" ಎಂದು ಮುಂದಿನವರ ಕೈ ಹಿಡಿದಳು.

ಹದಿನೈದಕ್ಕೆ ನೆತ್ತಿ. ಫೋಟೋಕ್ಕೆ ನೀಲಿ ಸ್ವೆಟರ್ ಹಾಕಿಕೊಳ್ಳಲೋ, ನೀನು ಹೆಣೆದ ಕಂದು ಬಣ್ಣದ್ದೋ?

ಅಣ್ಣ


ಕ್ಲಿನಿಕ್
ಮೇ ೧೦

ಅಣ್ಣಾ,

ಇದನ್ನು ಪೂರ್ತಿ ಓದು, ಮಧ್ಯದಲ್ಲಿ ನಗಬೇಡ.

ನೀನು ಸಾಲಿನ ಮುಂದೆ ಇರುವ ಸುದ್ದಿಯ ಕಾಗದ ಬೆಳಗ್ಗೆ ಬಂತು. ಓದಿ ನನಗೆ ಜೀವವೇ ಬಂದಂತಾಯಿತು. ತಂತಿಯೇ ಸಡಿಲವಾಗಿತ್ತು, ನನ್ನಣ್ಣ ಗಟ್ಟಿ ಎಂದು ಕುಣಿಯುತ್ತ ಪಕ್ಕದ ಔಷಧಿ ಅಂಗಡಿಯ ಯಜಮಾನರಿಗೆ ಅದನ್ನು ಓದಿ ಹೇಳಿದೆ. ಅವರು ವಯಸ್ಸಿನಲ್ಲಿ ಬೆಟ್ಟಗಳನ್ನು ಹತ್ತಿದವರು. ಮೊದಲು ನಕ್ಕರು, ಆಮೇಲೆ ನಗಲಿಲ್ಲ. "ನಿಮ್ಮಣ್ಣನಿಗೆ ಯಾರೂ ಹೇಳಿಲ್ವೇನಮ್ಮ? ಗುಂಪಲ್ಲಿ ಎಲ್ಲರಿಗಿಂತ ನಿಧಾನ ಯಾರೋ ಅವರನ್ನ ಮುಂದೆ ಹಾಕ್ತಾರೆ. ಹಿಂದೆ ಹಾಕಿದ್ರೆ, ಕುಸಿದು ಬಿದ್ರೂ ಮುಂದಿನವರಿಗೆ ಗೊತ್ತಾಗಲ್ಲ" ಎಂದರು.

ನಲ್ಲಿ ಸೋರುತ್ತಿದ್ದುದು ನಿಜ. ಕೊಳಾಯಿಯವನು ಅವತ್ತೇ ಬಂದು ಸರಿಮಾಡಿದ್ದೂ ನಿಜ. ಉಳಿದದ್ದೆಲ್ಲ ನಾನು ಕಟ್ಟಿದ ಕತೆ. ಆರನೇ ತಾರೀಖು ಬೆಳಗ್ಗೆ ಬರೆದು ಡ್ರಾಯರಿನಲ್ಲಿಟ್ಟ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಅದರಲ್ಲಿ ನಿನ್ನ ಪಟ್ಟಿಯ ಬಗ್ಗೆ ಡಾಕ್ಟರು ಹೇಳಿದ್ದು ಅಕ್ಷರಕ್ಕೆ ಅಕ್ಷರ ಇದೆ. ನಾಲ್ಕು ದಿನ ಅದನ್ನು ಒಳಗಿಟ್ಟುಕೊಂಡು ಕೂತೆ. ಡಾಕ್ಟರು ದಿನಾ, "ಆ ಡ್ರೈವರು ಬಂದ್ರಾ?" ಎಂದು ಕೇಳುತ್ತಾರೆ, ನಾನು ದಿನಾ, "ಊರಿಗೆ ಹೋಗಿದ್ದಾರಂತೆ ಸರ್" ಎನ್ನುತ್ತೇನೆ.

ಇವತ್ತು ನಿಮ್ಮ ಬೆಟ್ಟದ ಕಚೇರಿಗೆ ಫೋನ್ ಮಾಡಿದೆ. ನಮ್ಮಣ್ಣ ಕೂಡಲೇ ಇಳಿಯಬೇಕು ಎಂದೆ. "ಸಾವು ಬದುಕಿನ ವಿಷಯಕ್ಕೆ ಮಾತ್ರ ವೈರ್‌ಲೆಸ್ಸಲ್ಲಿ ಹೇಳ್ತೀವಿ. ಇದು ಅಂಥದ್ದಾ?" ಎಂದ ಅಲ್ಲಿಯವನು. ಡಾಕ್ಟರು ಒಳಗಿದ್ದರು, ಬಾಗಿಲು ತೆರೆದಿತ್ತು. ನನ್ನ ಬಾಯಿಂದ, "ಇಲ್ಲ, ಮನೆ ವಿಷಯ" ಎಂದೇ ಬಂತು. "ಹಾಗಾದ್ರೆ ಕಾಗದ ಬರೀರಿ, ಹದಿನಾಲ್ಕಕ್ಕೆ ಕತ್ತೆ ಮೇಲೆ ತಲುಪುತ್ತೆ" ಎಂದು ಇಟ್ಟುಬಿಟ್ಟ.

ಅದಕ್ಕೇ ಬರೆಯುತ್ತಿದ್ದೇನೆ. ಲೀಡರಮ್ಮನಿಗೆ ಈ ಕಾಗದ ತೋರಿಸು. ಫಾರಂ ನನ್ನ ಕೈಬರಹ ಎಂದೂ ಹೇಳು. ನನ್ನ ಕೆಲಸ ಹಾಳಾಗಿ ಹೋಗಲಿ. ನೆತ್ತಿಗೆ ಹೋಗಬೇಡ, ಅಣ್ಣಾ. ನಿನ್ನ ಕಾಲಿಗೆ ಬೀಳುತ್ತೇನೆ.

ನಿನ್ನ ಪಿಟೀಲು


ನಾಲ್ಕನೆಯ ಬಿಡಾರ
ಮೇ ೧೧

ಪಿಟೀಲೇ,

ನಿನ್ನ ನಲ್ಲಿಯ ಪುರಾಣ ಇವತ್ತು ತಲುಪಿತು. ಸೋರುವ ನಲ್ಲಿಗೆ ಬಟ್ಟೆ ಕಟ್ಟಲು ಬರದ ಊರಾಯಿತೇ ಅದು? ಗುಡ್ಡ ಇಳಿದು ಎರಡು ದಿನ ಬಸ್ಸಿನಲ್ಲಿ ಬಂದು ನಾನು ತಿರುಪು ಬಿಗಿ ಮಾಡಬೇಕೇ? ಮೊದಲಿನಿಂದಲೂ ನಿನಗೆ ನಾನು ನಾಲ್ಕು ಹೆಜ್ಜೆ ಆಚೆ ಇಟ್ಟರೆ ಹೊಟ್ಟೆಯಲ್ಲಿ ಹುಳಿ ಹಿಂಡಿದಂತೆ.

ತಲೆ ಸುತ್ತುವುದಿಲ್ಲ. ಕಣ್ಣು ಕತ್ತಲೆಯೂ ಇಲ್ಲ, ಯಾವತ್ತೂ ಇರಲಿಲ್ಲ. ಯಾಕೆ ಕೇಳಿದೆ? ಕ್ಯಾಂಟೀನಿನವರು ಯಾರಾದರೂ ಕ್ಲಿನಿಕ್ಕಿಗೆ ಬಂದಿದ್ದರೇ? ಬಂದಿದ್ದರೆ ಯಾರು ಎಂದು ಬರೆ.

ನಿದ್ದೆ ಹತ್ತುತ್ತಿಲ್ಲ. ಮಲಗಿದರೆ ಉಸಿರು ಸಾಲದು ಎನಿಸುತ್ತದೆ, ಎದ್ದು ಕೂತರೆ ಚಳಿ. ಗುಡಾರದಲ್ಲಿ ನನ್ನ ಜೊತೆ ಬೇಕರಿ ಸಾಹುಕಾರ. ಹಾಸಿಗೆ ಕಂಡರೆ ಸಾಕು, ಹಿಟ್ಟಿನ ಮೂಟೆ ಬಿದ್ದ ಹಾಗೆ ಬೀಳುತ್ತಾನೆ. ನಾನು ಬೂಟಿನ ದಾರ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಇವತ್ತು ಆರು ಗಂಟೆಯ ದಾರಿಗೆ ಒಂಬತ್ತು ಗಂಟೆ ಹಿಡಿಯಿತು. ಹಿಂದಿನಿಂದ ದಂತವೈದ್ಯ, "ಹೀಗೇ ಹೋದ್ರೆ ಮೊಮ್ಮಕ್ಕಳ ಮದುವೆ ಹೊತ್ತಿಗೆ ತಲುಪ್ತೀವಿ" ಎಂದ. ಮಕ್ಕಳು ನಕ್ಕರು. ಲೀಡರಮ್ಮ ತಿರುಗಿ ನೋಡಿದ ಮೇಲೆ ಸುಮ್ಮನಾದರು. ನನಗೆ ಅರ್ಥವಾಗಲಿಲ್ಲ. ನಾನು ಮುಂದಿದ್ದೇನೆ, ಅವರು ಹಿಂದೆ ಬರುತ್ತಿದ್ದಾರೆ, ತಡವಾದರೆ ಅದು ನನ್ನ ತಪ್ಪು ಹೇಗಾಗುತ್ತದೆ?

ನೆತ್ತಿ ಇಲ್ಲಿಂದಲೇ ಕಾಣುತ್ತದೆ. ಮನೆಯ ಹೊಸ್ತಿಲಷ್ಟು ಸಣ್ಣದಾಗಿ ಕಾಣುತ್ತದೆ. ಅದನ್ನು ದಾಟಿಯೇ ಬರುತ್ತೇನೆ. ನನ್ನನ್ನು ಎಳೆಯಬೇಡ.

ಅಣ್ಣ


ಕೊನೆಯ ಬಿಡಾರ
ಮೇ ೧೪

ತಂಗೀ,

ಕತ್ತೆಯವನು ಹನ್ನೊಂದು ಗಂಟೆಗೆ ಬಂದ. ನಿನ್ನ ಲಕೋಟೆ ದಪ್ಪಗಿತ್ತು. ಎರಡು ಕಾಗದವನ್ನೂ ಓದಿದೆ.

ಮೊದಲು ಬಂದದ್ದು ಸಿಟ್ಟು. ಎದೆ ನಿಲ್ಲುತ್ತದೆ ಎಂಬುದಕ್ಕಲ್ಲ, ಆ ಔಷಧಿ ಅಂಗಡಿಯವನ ಮಾತಿಗೆ. ಅವನಿಗೇನು ಗೊತ್ತು ಎಂದುಕೊಂಡು ನೇರ ಲೀಡರಮ್ಮನ ಹತ್ತಿರ ಹೋದೆ. ಅವಳು ಹಗ್ಗ ಸುತ್ತುತ್ತಿದ್ದಳು. "ನನ್ನನ್ನ ಯಾಕಮ್ಮ ಮುಂದೆ ಹಾಕಿದ್ದೀಯ?" ಎಂದೆ.

"ನೀವು ಎಲ್ಲರಿಗಿಂತ ನಿಧಾನ ಅಂಕಲ್" ಎಂದಳು. ಅಷ್ಟು ಸಲೀಸಾಗಿ! ಆಮೇಲೆ ನನ್ನ ಮುಖ ನೋಡಿ ಹಗ್ಗ ಕೆಳಗಿಟ್ಟಳು. "ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ. ಇಲ್ಲಿ ಎಲ್ಲರಿಗೂ ಗೊತ್ತಿರುತ್ತೆ. ಇದರಲ್ಲಿ ಅವಮಾನ ಏನಿಲ್ಲ. ಹೀಗಿದ್ರೆ ಯಾರೂ ಹಿಂದೆ ಉಳಿಯಲ್ಲ, ಅಷ್ಟೇ."

ಎಲ್ಲರಿಗೂ ಗೊತ್ತಿತ್ತಂತೆ. ದಂತವೈದ್ಯನಿಗೆ, ಅವನ ಹೆಂಡತಿಗೆ, ಆ ನಾಲ್ಕು ಮಕ್ಕಳಿಗೆ. ಏಳು ದಿನ ನಾನು ಎದೆ ಉಬ್ಬಿಸಿ ನಡೆದಿದ್ದೇನೆ. ಒಂದು ದಿನ ಹಿಂದೆ ತಿರುಗಿ, "ಭಯಪಡಬೇಡಿ, ನನ್ನ ಹೆಜ್ಜೆ ಮೇಲೆ ಹೆಜ್ಜೆ ಇಡಿ" ಎಂದು ಧೈರ್ಯ ಬೇರೆ ಹೇಳಿದ್ದೆ. ಟೀಚರು ಮಾತ್ರ, "ಆಗಲಿ ಸರ್" ಎಂದಿದ್ದಳು. ಒಳ್ಳೆಯ ಹೆಂಗಸು.

ಇನ್ನು ನಾನು ಹೇಳಬೇಕಾದದ್ದು. ಇದನ್ನು ಯಾರಿಗೂ ಹೇಳಿಲ್ಲ, ನನಗೇ ಹೇಳಿಕೊಂಡಿಲ್ಲ.

ಕಣ್ಣು ಕತ್ತಲೆ ಬಂದಿತ್ತೇ ಎಂದು ಕೇಳಿದೆಯಲ್ಲ. ಬಂದಿತ್ತು. ಶಾಲೆಯ ತಿರುವಿನಲ್ಲಿ. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು. ದೀಪ ಆರಿದ ಹಾಗೆ. ಮತ್ತೆ ಬೆಳಕು ಬಂದಾಗ ಬಸ್ಸು ಫುಟ್‌ಪಾತಿನ ಮೇಲಿತ್ತು, ಮುಂದೆ ಗೋಡೆ, ಗೋಡೆಗೆ ಒರಗಿ ಮಕ್ಕಳು ಸಾಲಾಗಿ ನಿಂತಿದ್ದರು. ಬ್ರೇಕು ಒತ್ತಿದೆ. ನಿಂತಿತು. ಮೊಣಕೈಯಷ್ಟು ಜಾಗ ಉಳಿದಿತ್ತು. ಕೆಳಗಿಳಿದಾಗ ಯಾರೋ, "ಏನಾಯ್ತು ಡ್ರೈವರೇ?" ಎಂದರು. ನಾನು, "ಬ್ರೇಕು ಸಮಯಕ್ಕೆ ಹಿಡೀಲಿಲ್ಲ" ಎಂದೆ. ಬಾಯಿಂದ ಬಂದುಬಿಟ್ಟಿತು, ನಿನ್ನ ಬಾಯಿಂದ 'ಮನೆ ವಿಷಯ' ಬಂದ ಹಾಗೆ. ಆಮೇಲೆ ತನಿಖೆಯಲ್ಲಿ ಮೂರು ಸಲ ಕೇಳಿದರು, ಮೂರು ಸಲವೂ ಅದನ್ನೇ ಹೇಳಿದೆ. ಆ ಮೂರು ಸಲ ಬಾಯಿಂದ ತಾನಾಗಿ ಬರಲಿಲ್ಲ, ಯೋಚಿಸಿಯೇ ಹೇಳಿದೆ.

ಎಡಚ ಎದುರಿಗೇ ನಿಂತಿದ್ದ. "ಅಣ್ಣಾ, ಹಿಂದಿನ ದಿನ ಸಂಜೆ ನಾನೇ ನೋಡಿದ್ದೆ, ಸರಿಯಾಗಿತ್ತು" ಎಂದ. ನನ್ನನ್ನೇ ನೋಡುತ್ತ ಹೇಳಿದ, ನಾನೇನೋ ನೆನಪಿಸಿಕೊಂಡು ಹೌದು ಎನ್ನುತ್ತೇನೆ ಎಂಬ ಹಾಗೆ. ನಾನು ನೆಲ ನೋಡಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು, ನಾನು ಬೆಂಕಿ ಊದಿಕೊಟ್ಟೆ. ಅದಾದ ಮೇಲೆ ಬೆನ್ನುನೋವು ಎಂದು ಹೇಳಿ ನಾನು ಟಿಕೆಟ್ ಕೌಂಟರಿಗೆ ಹಾಕಿಸಿಕೊಂಡದ್ದು ನಿನಗೆ ಗೊತ್ತು. ಯಾವ ಬೆನ್ನೂ ನೋಯುತ್ತಿರಲಿಲ್ಲ. ಸ್ಟಿಯರಿಂಗ್ ಹಿಡಿಯಲು ಹೆದರಿದ್ದೆ. ಕಿಟಕಿಯಿಂದ ದಿನಾ ಅವನು ಬಕೆಟ್ ಹಿಡಿದು ಬಸ್ಸು ತೊಳೆಯುವುದು ಕಾಣುತ್ತಿತ್ತು.

ಅವತ್ತಿನಿಂದ ನಾನು ಒಂದು ಲೆಕ್ಕ ಹಾಕಿಕೊಂಡಿದ್ದೆ. ಈ ಎದೆ ನೆತ್ತಿಯನ್ನು ದಾಟಿದರೆ ಅದರಲ್ಲಿ ಏನೂ ದೋಷವಿಲ್ಲ. ಎದೆಯಲ್ಲಿ ದೋಷವಿಲ್ಲದಿದ್ದರೆ ಬ್ರೇಕಿನಲ್ಲೇ ಇತ್ತು. ಆಗ ನಾನು ಹೇಳಿದ್ದು ಸುಳ್ಳಲ್ಲ. ಫೋಟೋ ಕ್ಯಾಂಟೀನಿನವರಿಗೆ ಎಂದು ಬರೆದೆ, ಅದು ನನಗೇ ಬೇಕಿತ್ತು.

ದಂತವೈದ್ಯನ ಬೂಟಿಗೆ ನಗಾಡಿದ್ದೆನಲ್ಲ, ನೆಲ ಡೊಂಕು ಎಂದು. ಆ ಗಾದೆ ನನಗೇ ಬರೆದುಕೊಂಡದ್ದು.

ನೆತ್ತಿಗೆ ಇಲ್ಲಿಂದ ನಾಲ್ಕೇ ಗಂಟೆ. ನಾಳೆ ಬೆಳಗ್ಗೆ ಹೊರಡುತ್ತಾರೆ. ಲೀಡರಮ್ಮನಿಗೆ ನಿನ್ನ ಕಾಗದ ಇನ್ನೂ ತೋರಿಸಿಲ್ಲ. ತೋರಿಸದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕೇ ಗಂಟೆ, ನೋಡು. ಕತ್ತೆಯವನು ಕೆಳಗೆ ಹೋಗಲು ಹಗ್ಗ ಬಿಗಿಯುತ್ತಿದ್ದಾನೆ. ಈ ಕಾಗದವನ್ನು ಅವನ ಕೈಗೆ ಕೊಡುತ್ತೇನೆ. ಜೊತೆಗೆ ನಾನೂ ಹೋಗುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ.

ಅಣ್ಣ


ಕ್ಲಿನಿಕ್
ಮೇ ೧೪

ಅಣ್ಣಾ,

ಹನ್ನೊಂದನೇ ತಾರೀಖಿನ ಕಾಗದ ಇವತ್ತು ಬಂತು. ಆರು ಗಂಟೆಯ ದಾರಿಗೆ ಒಂಬತ್ತು ಗಂಟೆ ಎಂದು ಓದಿದ ಕೂಡಲೇ ಎದ್ದು ಒಳಗೆ ಹೋದೆ. ಒಬ್ಬ ಹುಡುಗಿ ಗಂಟಲು ತೋರಿಸುತ್ತ ಬಾಯಿ ಕಳೆದು ಕೂತಿದ್ದಳು. ಅವಳ ಎದುರಿಗೇ ಎಲ್ಲ ಹೇಳಿದೆ. ಫಾರಂ, ಪಟ್ಟಿ, ಊರಿಗೆ ಹೋದ ಡ್ರೈವರು ಯಾರು ಎಂಬುದು.

ಡಾಕ್ಟರು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಆ ಹುಡುಗಿಗೆ, "ಬಾಯಿ ಮುಚ್ಕೋ ಮಗು" ಎಂದರು. ನನ್ನ ಮೇಜಿನಿಂದ ಖಾಲಿ ಫಾರಂಗಳ ಕಟ್ಟು ತರಿಸಿ ಒಂದೊಂದಾಗಿ ಹರಿದರು. "ಖಾಲಿ ಹಾಳೆಗೆ ಸಹಿ ಹಾಕಿಟ್ಟು ಹೋದವನು ನಾನು, ನಿಮ್ಮೊಬ್ಬರನ್ನೇ ಏನಂತ ಅನ್ನಲಿ" ಎಂದರು. ಆಮೇಲೆ ಬೀಗದ ಕೈ ಕೇಳಿದರು, ಕೊಟ್ಟೆ. ನನ್ನ ಕೆಲಸದ ವಿಷಯ ತಿಂಗಳ ಕೊನೆಗೆ ಮಾತಾಡುತ್ತಾರಂತೆ. ಫೋನನ್ನು ಅವರೇ ತಿರುಗಿಸಿದರು. "ಸಾವು ಬದುಕಿನ ವಿಷಯ" ಎಂದು ಅವರೇ ಹೇಳಿದರು. ವೈರ್‌ಲೆಸ್‌ನಲ್ಲಿ ಮಧ್ಯಾಹ್ನ ಹೇಳುತ್ತಾರಂತೆ. ನಾಲ್ಕು ದಿನದ ಹಿಂದೆ ಆ ಎರಡು ಮಾತು ನಾನು ಹೇಳಬಹುದಿತ್ತು.

ಈ ಕಾಗದವನ್ನು ಕೆಳಗಿನ ಕಚೇರಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ನೀನು ಅದನ್ನು ಅಲ್ಲಿಗೆ ಬಂದೇ ಓದಬೇಕು ಎಂಬ ಆಸೆಯಿಂದ.

ಕೆಳಗಿನ ಮನೆಯಾಕೆ ಇವತ್ತು ಬಂದು, ನಿಮ್ಮಣ್ಣ ಯಾವಾಗ ಬರ್ತಾರೆ ಎಂದಳು. ಜಗಳಕ್ಕಲ್ಲ. ತಲೆಯ ಮೇಲಿನ ಸದ್ದಿಲ್ಲದೆ ನಿದ್ದೆ ಬರುವುದಿಲ್ಲವಂತೆ. ನೀನು ಕೋಣೆಯಲ್ಲಿ ಓಡಾಡುವ ಸದ್ದು.

ತಂಗಿ


ಬೆಟ್ಟದ ಬುಡದ ಆಸ್ಪತ್ರೆ
ಮೇ ೧೮

ಪಿಟೀಲಮ್ಮನಿಗೆ,

ಇದ್ದೇನೆ. ಮೊದಲು ಅದನ್ನು ಓದಿಕೋ, ಕಣ್ಣ ನೀರು ಒರೆಸಿಕೊಂಡು ಮುಂದಿನದನ್ನು ಓದು.

ಅವತ್ತು ಕತ್ತೆಯವನು ಕೊನೆಯ ಗಂಟು ಹಾಕುವವರೆಗೂ ನಾನು ಅಲ್ಲೇ ಶತಪಥ ಹಾಕುತ್ತಿದ್ದೆ. ಕಾಲೇಜು ಹುಡುಗರಲ್ಲಿ ಒಬ್ಬ ಬಂದು, "ಅಂಕಲ್, ನಾಳೆ ನಿಮ್ಮ ಹಿಂದೆ ನಾನು ಬರ್ಲಾ? ಬೇಗ ಹೋದ್ರೆ ನಂಗೆ ತಲೆನೋವು ಬರುತ್ತೆ. ನಿಮ್ಮ ಹಿಂದೆ ಇದ್ರೆ ಬರಲ್ಲ" ಎಂದ. ತಮಾಷೆಗಲ್ಲ, ನಿಜವಾಗಿ ಕೇಳಿದ. ನೆತ್ತಿಯ ಕಡೆ ದಾರಿ ಒಂದಾಳಿನಷ್ಟು ಅಗಲ, ಒಂದು ಕಡೆ ಪ್ರಪಾತ. ಅಲ್ಲಿ ಒಂದು ಎರಡು ಮೂರು ಎಣಿಸುವಷ್ಟು ಹೊತ್ತು ನನಗೆ ದೀಪ ಆರಿದರೆ? ಮತ್ತೆ ನನ್ನ ಹಿಂದೆ ಮಕ್ಕಳೇ. ಇಲ್ಲಿ ಹೇಳಿಕೊಳ್ಳಲು ಬ್ರೇಕೂ ಇಲ್ಲ.

ಲೀಡರಮ್ಮನ ಕೈಗೆ ನಿನ್ನ ಕಾಗದ ಕೊಟ್ಟೆ. ಓದಿ ಬೆಳ್ಳಗಾದಳು. "ಎರಡು ಸಲ ನಾಡಿ ಹಿಡಿದೆ ಅಂಕಲ್. ಮೊಹರು ನಂಬಿದೆ, ನನ್ನ ಬೆರಳನ್ನ ನಂಬಲಿಲ್ಲ" ಎಂದು ಅತ್ತೇಬಿಟ್ಟಳು. ತಪ್ಪು ನಮ್ಮದು, ಅಳು ಅವಳದು. ಅವಳ ಜೊತೆಯ ಹಳೆಯ ಆಳೊಬ್ಬನನ್ನು ನನ್ನ ಬೆನ್ನಿಗೆ ಕೊಟ್ಟು ಕತ್ತೆಗಳ ಜೊತೆ ಕಳಿಸಿದಳು. ನಾವು ಒಂದು ಗಂಟೆ ಇಳಿದಿದ್ದೆವು, ಮೇಲಿನಿಂದ ಸೀಟಿಯ ಸದ್ದು. ನಿನ್ನ ಡಾಕ್ಟರ ಸುದ್ದಿ ಆಗ ಬಂದಿತ್ತು. ನೀನು ನಾಲ್ಕು ದಿನ ತಡ ಎಂದು ಬರೆದಿದ್ದೀಯ. ನನ್ನದು ಹದಿನಾಲ್ಕು ತಿಂಗಳು, ನನ್ನ ಮುಂದೆ ನೀನೇನೂ ಅಲ್ಲ.

ಸಂಜೆ ತೊರೆ ದಾಟುವಾಗ ದೀಪ ಆರಿತು. ಕಣ್ಣು ಬಿಟ್ಟಾಗ ಹಳೆಯ ಆಳು ನನ್ನ ಕಾಲರು ಹಿಡಿದುಕೊಂಡಿದ್ದ, ಕಂದು ಸ್ವೆಟರಿನದು. ನಿನ್ನ ಹೆಣಿಗೆ ಗಟ್ಟಿ. ಇಲ್ಲಿಯ ಡಾಕ್ಟರು ಎದೆಯಲ್ಲಿ ಗಡಿಯಾರದಂಥ ಒಂದು ಪುಟ್ಟ ಯಂತ್ರ ಇಡಬೇಕು, ದೊಡ್ಡ ಆಸ್ಪತ್ರೆಗೆ ಹೋಗಿ ಎಂದಿದ್ದಾರೆ. ಸೋಮವಾರ ಹಳೆಯ ಆಳೇ ಜೊತೆಗೆ ಬಂದು ಬಿಡುತ್ತಾನೆ. ಬಸ್ಸಿನಲ್ಲಿ ಹಿಂದಿನ ಸೀಟು ಕೇಳಿದ್ದೇನೆ.

ಫೋಟೋ ಇಲ್ಲ. ಗುಂಪಿನವರು ನೆತ್ತಿ ದಾಟಿದರಂತೆ.

ಇದರ ಜೊತೆ ಇನ್ನೊಂದು ಹಾಳೆ ಇದೆ, ಮಡಚಿಲ್ಲ. ಇದರಲ್ಲಿರುವುದನ್ನೇ ಡಿಪೋ ಮ್ಯಾನೇಜರಿಗೂ ಬರೆದು ಇಲ್ಲಿಂದಲೇ ಹಾಕಿದ್ದೇನೆ. ಇದು ಮಾತ್ರ ಅಂಚೆಯಲ್ಲಿ ಹೋಗಬಾರದು. ಎಡಚನ ಕೈಗೆ ನೀನೇ ಕೊಡು. ಅವನು ಓದುವಾಗ ಅಲ್ಲೇ ನಿಂತಿರು, ಅವನು ಬೈದರೆ ನನ್ನ ಪರವಾಗಿ ಕೇಳಿಸಿಕೋ. ನಾನು ಎದ್ದು ನಿಂತ ಮೇಲೆ ಬಂದು ಉಳಿದದ್ದನ್ನು ಕೇಳಿಸಿಕೊಳ್ಳುತ್ತೇನೆ.

ಅಣ್ಣ


ತಮ್ಮಾ,

ಶಾಲೆಯ ತಿರುವಿನಲ್ಲಿ ನನಗೆ ಕಣ್ಣು ಕತ್ತಲೆ ಬಂದಿತ್ತು. ಬ್ರೇಕು ತಡವಾಗಿ ಹಿಡಿಯಿತು ಎಂದು ತನಿಖೆಯಲ್ಲಿ ಮೂರು ಸಲ ಹೇಳಿದೆ. ತಡ ಮಾಡಿದವನು ನಾನು. ನೀನು ನನ್ನ ಮುಖ ನೋಡಿದೆ, ನಾನು ನೆಲ ನೋಡಿದೆ. ಮ್ಯಾನೇಜರಿಗೆ ಬರೆದಿದ್ದೇನೆ, ಕರೆದರೆ ಬಂದು ಎಲ್ಲರ ಮುಂದೆ ಹೇಳುತ್ತೇನೆ.

ಗೋಡೆಗೆ ಒರಗಿ ಒಂಬತ್ತು ಮಕ್ಕಳಿದ್ದರು. ನಾನು ಎಣಿಸಿದ್ದೆ. ಅವರು ಇವತ್ತು ಓಡಾಡಿಕೊಂಡಿರುವುದು ಹಿಂದಿನ ಸಂಜೆ ನೀನು ಮಾಡಿದ ಕೆಲಸದಿಂದ. ಇದನ್ನು ಅವತ್ತೇ ಹೇಳಬೇಕಿತ್ತು.

ನಿನ್ನ ಬ್ರೇಕು ಮುಟ್ಟಿದ ಕೂಡಲೇ ಹಿಡಿಯಿತು.

ಡ್ರೈವರ್